ಕೈಬಿಟ್ಟ ಕಾರಣ

ಆ ಬೇಸಿಗೆಯಲ್ಲಿ ನನ್ನ ಹೋಲ್ಡಾಲಿನೊಳಗೆ ಹಾಸಿಗೆ, ಸೊಳ್ಳೆಪರದೆ ಮತ್ತು ಎರಡು ಸೀರೆಗಳ ಜೊತೆಗೆ ಒಂದು ಕಬ್ಬಿಣದ ರಿಂಗೂ ಇರುತ್ತಿತ್ತು. ವಿಜಾಪುರದ ಕಮ್ಮಾರನೊಬ್ಬನಿಗೆ ಹೇಳಿ ಮಾಡಿಸಿದ್ದು. ಒಳಗಿನ ಅಗಲ ಹದಿನೆಂಟು ಇಂಚು, ಹಿಂದೆ ಹಗ್ಗ ಹಾಯಿಸಲು ಎರಡು ಕಿವಿ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಈ ನಾಲ್ಕೂ ತಾಲ್ಲೂಕುಗಳಲ್ಲಿ ನಾನು ನೋಡಿದ ಯಾವ ಹೆಣ್ಣುಮಕ್ಕಳ ಶಾಲೆಯಲ್ಲೂ ಬ್ಯಾಸ್ಕೆಟ್‌ಬಾಲಿನ ರಿಂಗ್ ಇರಲಿಲ್ಲ. ಆದ್ದರಿಂದ ನನ್ನ ರಿಂಗನ್ನು ನಾನೇ ಹೊತ್ತು ತಿರುಗುತ್ತಿದ್ದೆ. ಮರ ಸಿಕ್ಕರೆ ಮರಕ್ಕೆ, ಇಲ್ಲವಾದರೆ ಗೋಡೆಯ ಗೂಟಕ್ಕೆ, ಟೇಪು ಹಿಡಿದು ಸರಿಯಾಗಿ ಹತ್ತು ಅಡಿ ಎತ್ತರದಲ್ಲಿ ಕಟ್ಟಿಸುತ್ತಿದ್ದೆ. ಒಬ್ಬ ಕಂಡಕ್ಟರು ಅದನ್ನು ಬಸ್ಸಿನ ಮೇಲೆ ಹಾಕುತ್ತ, ‘ಯಾವ ಕೊಡಕ್ರೀ ಬಾಯಾರ, ಇಷ್ಟು ದೊಡ್ಡ ಸಿಂಬಿ?’ ಎಂದು ಕೇಳಿದ್ದ.

ಹೆಣ್ಣುಮಕ್ಕಳ ಶಾಲೆಗಳ ದೈಹಿಕ ಶಿಕ್ಷಣದ ತಪಾಸಣೆ ನನ್ನ ಸರ್ಕಾರಿ ಕೆಲಸ. ರಿಂಗಿನ ಕೆಲಸ ಅದರ ಹೊರಗಿನದು. ಮುಂಬಯಿಯಲ್ಲಿ ನನಗೆ ಆಟ ಕಲಿಸಿದ ಮೇಡಂ ಆಗ ಒಂದು ಬಟ್ಟೆ ಗಿರಣಿಯ ಮಹಿಳಾ ತಂಡ ನೋಡಿಕೊಳ್ಳುತ್ತಿದ್ದರು. ಅಂಥ ತಂಡವಿದ್ದ ಗಿರಣಿಗಳು ಮೂರು. ಒಬ್ಬರ ಆಟಗಾರ್ತಿಯನ್ನು ಇನ್ನೊಬ್ಬರು ಸೆಳೆಯಬಾರದೆಂದು ಮೂರೂ ಗಿರಣಿಯವರು ವರ್ಷಕ್ಕೊಮ್ಮೆ ಒಂದೇ ಮೇಜಿನ ಸುತ್ತ ಕುಳಿತು, ಸರದಿಯಂತೆ ಒಂದೊಂದು ಹೆಸರು ಎತ್ತಿಕೊಳ್ಳುತ್ತಿದ್ದರು. ಹೆಸರು ಎತ್ತಿದ ಹುಡುಗಿಗೆ ಗಿರಣಿಯಲ್ಲಿ ಕಾಯಂ ಕೆಲಸ, ಇರಲು ಹಾಸ್ಟೆಲು. ಮೇಡಂ ನನಗೆ ಬರೆದ ಕಾಗದ ಚಿಕ್ಕದು. ತಮ್ಮ ತಂಡಕ್ಕೆ ಎಲ್ಲ ಇದೆ, ರಿಂಗಿನ ಕೆಳಗೆ ನಿಲ್ಲುವ ಒಬ್ಬಳು ಇಲ್ಲ, ಬರೀ ಎತ್ತರ ಬೇಡ, ತಲೆ ಓಡಿಸುವ ಎತ್ತರ ಬೇಕು ಎಂದು.

ಅವರಿಗೆ ನಮ್ಮ ಸೀಮೆ ನೆನಪಾದದ್ದೇ ಆಶ್ಚರ್ಯ. ರಾಜ್ಯಗಳು ಹೊಸದಾಗಿ ಆಗಿ, ನಮ್ಮ ಸೀಮೆ ಮುಂಬಯಿ ಪ್ರಾಂತದಿಂದ ಮೈಸೂರಿಗೆ ಸೇರಿ ಕೆಲವೇ ವರ್ಷಗಳಾಗಿದ್ದವು. ಮುಂಬಯಿಯವರಿಗೆ ನಾವು ಹೊರದೇಶದವರಾಗಿಬಿಟ್ಟಿದ್ದೆವು, ಬೆಂಗಳೂರಿನವರಿಗೆ ಇನ್ನೂ ಒಳಗಿನವರಾಗಿರಲಿಲ್ಲ. ಅಲ್ಲಿಯ ಆಯ್ಕೆದಾರರ ಕಣ್ಣು ಭೀಮಾ ನದಿಯ ಆಚೆಗೇ ನಿಲ್ಲುತ್ತಿತ್ತು, ಇಲ್ಲಿಯವರದು ತುಂಗಭದ್ರೆಯ ಆಚೆಗೇ ನಿಲ್ಲುತ್ತಿತ್ತು. ನಡುವೆ ಬೆಳೆದ ಹುಡುಗಿಯರನ್ನು ನೋಡುವವರು ಯಾರೂ ಇರಲಿಲ್ಲ. ನಾನು ನೋಡುತ್ತೇನೆ ಎಂದುಕೊಂಡೆ. ನನಗೆ ಇಪ್ಪತ್ತಾರು ವರ್ಷ. ವೆರಿ ಶ್ಯೂರ್ ಆಫ್ ಮೈಸೆಲ್ಫ್.

ಒಬ್ಬೊಬ್ಬ ಹುಡುಗಿಗೂ ಒಂದು ಕಾರ್ಡು. ಎತ್ತರ, ತೋಳಿನ ಚಾಚು, ನಿಂತು ಮುಟ್ಟುವ ಎತ್ತರ, ಹಾರಿ ಮುಟ್ಟುವ ಎತ್ತರ, ಐವತ್ತು ಗಜದ ಓಟ, ಇಪ್ಪತ್ತು ಎಸೆತ, ಬೇನೆ ಏನಾದರೂ ಇದ್ದರೆ ಅದು. ಕಟ್ಟಕಡೆಯ ಮನೆಯ ತಲೆಬರಹ ‘ಕೈಬಿಟ್ಟ ಕಾರಣ’. ಹುಡುಗಿಯನ್ನು ಬಿಟ್ಟರೆ ಏಕೆ ಬಿಟ್ಟೆ ಎಂದು ಅಲ್ಲಿ ಒಂದು ಮಾತಿನಲ್ಲಿ ಬರೆದು ಸಹಿ ಮಾಡಬೇಕು. ನಾನು ಕಲಿತ ಬೆಳಗಾವಿಯ ಕಾನ್ವೆಂಟಿನಲ್ಲಿ ಆಟ ಕಲಿಸುತ್ತಿದ್ದ ಸಿಸ್ಟರ್ ಇಂಥದರಲ್ಲಿ ಬಹಳ ಕಟ್ಟುನಿಟ್ಟು. ಎಸೆಯುವಾಗ ಕಾಲು ಗೆರೆ ಮುಟ್ಟಿದರೆ ಚೆಂಡು ರಿಂಗಿನೊಳಗೆ ಬಿದ್ದರೂ ಲೆಕ್ಕಕ್ಕಿಲ್ಲ. ‘ದ ಲೈನ್ ಈಸ್ ದ ಲೈನ್, ಚೈಲ್ಡ್.’ ಆ ಮಾತನ್ನು ನಾನು ಬೈಬಲ್ಲಿನ ವಾಕ್ಯದಂತೆ ಹೊತ್ತುಕೊಂಡಿದ್ದೆ.

ಇಂಡಿಯಲ್ಲಿ ಒಂಬತ್ತು ಕಾರ್ಡು ತುಂಬಿದೆ. ಇಬ್ಬರಿಗೆ ಎತ್ತರವಿತ್ತು, ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದರು. ಮುದ್ದೇಬಿಹಾಳದಲ್ಲಿ ಒಬ್ಬಳು ಸಿಕ್ಕಳು. ಗಟ್ಟಿ ಮೊಣಕಾಲು, ಒಳ್ಳೆಯ ಓಟ. ಅವಳನ್ನು ಬಾಗೇವಾಡಿಯಲ್ಲಿ ನಡೆಯಲಿದ್ದ ಹೆಣ್ಣುಮಕ್ಕಳ ಕೂಟದಲ್ಲಿ ಮತ್ತೊಮ್ಮೆ ನೋಡೋಣವೆಂದು ಇಟ್ಟುಕೊಂಡೆ. ಅಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಅವಳ ರೆಪ್ಪೆ ಮಡಿಸಿ ನೋಡಿದರೆ ಒಳಗೆಲ್ಲ ಕೆಂಪು ಕಾಳು. ಆ ಕಾಲದಲ್ಲಿ ನಮ್ಮ ಕಡೆ ಮನೆಮನೆಗೂ ಇದ್ದ ಕಣ್ಣುಬೇನೆ. ಕಾರ್ಡಿನ ಕೊನೆಯ ಮನೆಯಲ್ಲಿ ಇಂಗ್ಲಿಷಿನಲ್ಲಿ ‘ಬ್ಯಾಡ್ ಐಸ್’ ಎಂದು ಬರೆದು, ಎಲ್ಲರೆದುರೇ, ‘ಕಣ್ಣು ಸರಿ ಇಲ್ಲ, ನಡಿ’ ಎಂದು ಕಳಿಸಿದೆ. ಸುತ್ತ ನಾಲ್ಕು ತಾಲ್ಲೂಕಿನ ಹುಡುಗಿಯರು ನಿಂತಿದ್ದರು. ಯಾರು ಯಾರು ಕೇಳಿಸಿಕೊಂಡರು ಎಂದು ನಾನು ನೋಡಲಿಲ್ಲ.

ಅದೇ ಕೂಟದಲ್ಲಿ ಸಿಂದಗಿಯ ಹುಡುಗಿಯನ್ನು ಕಂಡೆ. ಆಕೆ ಆಡುತ್ತಿರಲಿಲ್ಲ. ಬೇವಿನ ಬುಡದಲ್ಲಿ ಕುಳಿತು ಉಳಿದವರ ಬಳೆ ಕಾಯುತ್ತಿದ್ದಳು. ಥ್ರೋಬಾಲಿನಲ್ಲಿ ಎದುರು ತಂಡದವರು ತಕರಾರು ತೆಗೆದಿದ್ದರಂತೆ, ಇದು ಹುಡುಗಿಯಲ್ಲ, ಹೆಂಗಸನ್ನು ಕರೆತಂದಿದ್ದಾರೆ ಎಂದು. ವಾದ ಬೇಡವೆಂದು ಅವಳ ಹೆಡ್‌ಮಿಸ್ಟ್ರೆಸ್ಸೇ ಹೊರಗೆ ಕೂರಿಸಿದ್ದರು. ಆಟದ ನಡುವೆ ಚೆಂಡು ಬೇವಿನ ಕೊಂಬೆಯ ಸಂದಿಯಲ್ಲಿ ಸಿಕ್ಕಿಕೊಂಡಿತು. ಒಬ್ಬರು ಕೋಲು ತರಲು ಓಡಿದರು. ಈಕೆ ಮಡಿಲಿನ ಬಳೆಗಳನ್ನು ಮೆಲ್ಲಗೆ ಕೆಳಗಿಟ್ಟು ಎದ್ದಳು. ಎದ್ದಳು ಎಂದರೆ ಎದ್ದಳು, ಮುಗಿಯಲೇ ಇಲ್ಲ. ಒಂದೇ ಜಿಗಿತಕ್ಕೆ ಚೆಂಡು ಕೈಯಲ್ಲಿ. ನೆಲಕ್ಕೆ ಬರುವ ಮೊದಲೇ, ಕತ್ತು ಕೂಡ ತಿರುಗಿಸದೆ, ನಲವತ್ತು ಅಡಿ ಆಚೆ ನಿಂತ ರೆಫರಿಯ ಎದೆಗೆ ಸರಿಯಾಗಿ ಮುಟ್ಟಿಸಿದಳು. ಮತ್ತೆ ಕುಳಿತು ಬಳೆ ಎಣಿಸತೊಡಗಿದಳು. ತಲೆ ಓಡಿಸುವ ಎತ್ತರ.

ಮರುದಿನವೇ ಸಿಂದಗಿಯ ಬಸ್ಸು ಹತ್ತಿದೆ. ಉಳಿದದ್ದು ಹೆಡ್‌ಮಿಸ್ಟ್ರೆಸ್ಸರ ಮನೆಯಲ್ಲಿ. ಏಳೆಂಟು ತಲೆಮಾರಿನಿಂದ ಸಿಂದಗಿಯಲ್ಲೇ ಇದ್ದ ಮುಸಲ್ಮಾನರ ಮನೆತನ ಅವರದು. ಅಪ್ಪ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಹುಡುಗಿಯ ಹೆಸರನ್ನು ಊರಲ್ಲಿ ಯಾರೂ ಹಿಡಿಯುತ್ತಿರಲಿಲ್ಲ, ‘ಉದ್ದಾಕಿ’ ಎಂದೇ ಕರೆಯುತ್ತಿದ್ದರು. ಇಲ್ಲಿಯೂ ಹಾಗೇ ಇರಲಿ. ತಾಯಿ ಇಲ್ಲ. ತಂದೆ ಬಜಾರಿನಲ್ಲಿ ದರ್ಜಿ. ನಾನು ಮೊದಲ ಸಲ ಅಂಗಡಿಗೆ ಹೋದಾಗ ಆತ ಮಷಿನ್ನಿನಿಂದ ಕಾಲು ತೆಗೆಯದೆಯೇ ಹೇಳಿದರು, ‘ಎತ್ತರ ಅಳೀಲಿಕ್ಕೆ ಬಂದೀರೇನ್ರಿ? ನನ್ನ ಕೇಳ್ರಿ. ಈಕಿ ಲಂಗದ ಅಂಚು ಬಿಚ್ಚಿ ಬಿಚ್ಚಿ ನನಗ ಸಾಕಾಗೇತಿ.’

ಆಲಮೇಲದ ಕಡೆಯಿಂದ ಆಕೆಗೊಂದು ಸಂಬಂಧ ಬಂದಿತ್ತು. ಗಂಡು ಆಕೆಯ ಭುಜಕ್ಕೆ ಬರುತ್ತಿದ್ದ. ಕಬ್ಬಿನ ಹೊಲವಿತ್ತು. ನೋಡಲು ಬಂದ ಹೆಂಗಸರು ಎಲ್ಲ ಒಪ್ಪಿ, ಸ್ವಲ್ಪ ಬೆನ್ನು ಬಾಗಿಸಿ ನಡೆಯುವುದನ್ನು ಕಲಿಸಿರಿ ಎಂದು ಹೇಳಿ ಹೋಗಿದ್ದರಂತೆ. ಸುಗ್ಗಿ ಮುಗಿದ ಮೇಲೆ ಉತ್ತರ ಹೇಳಬೇಕಿತ್ತು. ನಾನು ಗಿರಣಿ, ತಂಡ, ಹಾಸ್ಟೆಲು ಎಂದೆಲ್ಲ ವಿವರಿಸಿದ ಮೇಲೆ ಉದ್ದಾಕಿ ಕೇಳಿದ್ದು ಒಂದೇ ಪ್ರಶ್ನೆ.

‘ಅಲ್ಲೆ ನೆಟ್ಟಗ ನಿಂದ್ರಬಹುದೇನ್ರಿ?’

‘ನೆಟ್ಟಗ ನಿಂತರೇ ಕೆಲಸ’ ಎಂದೆ.

ಶಾಲೆಯ ಹಿಂದಿನ ಗೋಡೆಯಲ್ಲಿ ಪರೀಕ್ಷೆ. ಬರಿಗಾಲಲ್ಲಿ ಐದು ಅಡಿ ಒಂಬತ್ತೂವರೆ ಇಂಚು. ಬೆರಳ ತುದಿಗೆ ಒದ್ದೆ ಸುಣ್ಣ ಹಚ್ಚಿ ನಿಂತಲ್ಲಿಂದ ಗೋಡೆ ಮುಟ್ಟಿಸಿದೆ, ಆಮೇಲೆ ಹಾರಿ. ಹಾರಿ ಮುಟ್ಟಿದ ಗುರುತು ನೆಲದಿಂದ ಒಂಬತ್ತು ಅಡಿಗೆ ಒಂದು ಬೆರಳು ಕಡಿಮೆ. ಟೇಪನ್ನು ಎರಡು ಸಲ ಹಿಡಿದೆ, ನನ್ನ ಕಣ್ಣನ್ನೇ ನಂಬಲಿಲ್ಲ. ಓಟ ಮಾತ್ರ ಸಾಧಾರಣ. ಕೊನೆಗೆ ಹದಿನೈದು ಅಡಿ ದೂರದಲ್ಲಿ ಸುಣ್ಣದ ಗೆರೆ ಎಳೆದು ಇಪ್ಪತ್ತು ಎಸೆತ. ಹುಟ್ಟಿದಾಗಿನಿಂದ ಆಕೆ ರಿಂಗನ್ನೇ ಕಂಡವಳಲ್ಲ. ಮೊದಲ ಮೂರು ಹೊರಗೆ ಹೋದವು. ಆಮೇಲೆ ಪ್ರತಿ ಸಲ ಉಸಿರು ಹಿಡಿದು, ಚೆಂಡನ್ನು ಒಂದೇ ಬಾರಿ ನೆಲಕ್ಕೆ ಬಡಿದು, ಒಂದೇ ರೀತಿಯಲ್ಲಿ ಎಸೆಯತೊಡಗಿದಳು. ಯಾರೂ ಹೇಳಿಕೊಟ್ಟದ್ದಲ್ಲ. ಹದಿನೈದು ಒಳಗೆ ಬಿದ್ದವು. ಅದರಲ್ಲಿ ಕೊನೆಯದಕ್ಕೆ ಎಡಗಾಲು ಎಳೆದಂತಾಗಿ ಗೆರೆಯ ಮೇಲೆ ಬಂತು. ದ ಲೈನ್ ಈಸ್ ದ ಲೈನ್. ಹದಿನಾಲ್ಕು ಎಂದು ಬರೆದೆ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ, ‘ಲೆಫ್ಟ್ ಫೂಟ್ ಕೇರ್‌ಲೆಸ್’.

ಆಕೆ ಒಮ್ಮೆ ಗೆರೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

ಮೇಡಂಗೆ ಮೂರು ಪುಟ ಬರೆದು ಹಾಕಿದೆ. ಉತ್ತರ ಬರುವವರೆಗೆ ಆಟ ಕಲಿಸೋಣವೆಂದು ರಜೆ ಹಾಕಿ ಸಿಂದಗಿಯಲ್ಲೇ ನಿಂತೆ. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ತಿರುಗುವುದು, ನಿಲ್ಲುವುದು, ಬೆನ್ನಿಗೆ ಬಿದ್ದವಳನ್ನು ಸೊಂಟದಿಂದ ತಡೆಯುವುದು. ನನ್ನ ಕ್ಯಾನ್ವಾಸ್ ಬೂಟು ಆಕೆಗೆ ಆಗಲಿಲ್ಲ, ವಿಜಾಪುರದಿಂದ ಗಂಡಸರ ಅಳತೆಯದು ತರಿಸಿದೆ. ಮೊದಲ ದಿನ ಬೂಟಿನಲ್ಲಿ ಕೊಕ್ಕರೆಯಂತೆ ಕಾಲೆತ್ತಿ ನಡೆದಳು. ಹೆಡ್‌ಮಿಸ್ಟ್ರೆಸ್ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಬಾಯಾರಿದಾಗ ಇಬ್ಬರೂ ಶಾಲೆಯ ಕೊಡದ ನೀರು ಕುಡಿಯುತ್ತಿದ್ದೆವು. ಊರ ಮೆಟ್ಟಿಲು ಬಾವಿಯಿಂದ ತಂದದ್ದು. ತಂಪಾಗಿತ್ತು. ಎರಡೆರಡು ತಂಬಿಗೆ ಕುಡಿಯುತ್ತಿದ್ದೆ.

ಆರನೆಯ ದಿನದಿಂದ ಆಕೆಯ ಎಡಗಾಲಿನ ಹರಡಿನ ಒಳಬದಿ ಬಾತಿತು. ಏನದು ಎಂದರೆ, ‘ಬೂಟು ಕಚ್ಚೈತ್ರಿ’ ಎಂದಳು. ಬೂಟು ಕೊಟ್ಟವಳು ನಾನೇ ಆದ್ದರಿಂದ ತಕ್ಷಣ ನಂಬಿದೆ. ಹತ್ತಿ ಇಟ್ಟು, ಪಟ್ಟಿ ಸುತ್ತಿ, ಬೂಟು ಬಿಡಬೇಡ, ಕಾಲು ಗಟ್ಟಿಯಾಗಬೇಕು ಎಂದು ಇನ್ನೂ ನಾಲ್ಕು ದಿನ ಕುಣಿಸಿದೆ. ಆಕೆ ಕುಣಿದಳು. ಜಿಗಿತ ಅರ್ಧ ಇಂಚೂ ಕಡಿಮೆಯಾಗಲಿಲ್ಲ.

ಹತ್ತನೆಯ ದಿನ ಮೇಡಂ ತಾರು ಕಳಿಸಿದರು. ಅವರು ಇನ್ನು ಒಂಬತ್ತು ದಿನಕ್ಕೆ ಸೊಲ್ಲಾಪುರದಲ್ಲಿ ಒಂದು ದಿನ ಇಳಿಯುತ್ತಾರೆ, ಹುಡುಗಿಯನ್ನು ಅಲ್ಲಿ ತಂದು ತೋರಿಸಬೇಕು. ಕಣ್ಣಾರೆ ನೋಡದೆ ಮೇಜಿನ ಮೇಲೆ ಹೆಸರು ಇಡುವುದಿಲ್ಲ. ತಾರು ಹಿಡಿದು ಬಾವಿಯ ಕಡೆ ಓಡಿದೆ. ಉದ್ದಾಕಿ ಮೆಟ್ಟಿಲ ಮೇಲೆ ಕುಳಿತು ಕಾಲನ್ನು ನೀರಿನಲ್ಲಿ ಬಿಟ್ಟುಕೊಂಡಿದ್ದಳು. ಪಟ್ಟಿ ಬಿಚ್ಚಿತ್ತು. ಗುಳ್ಳೆ ಒಡೆದು, ಹುಣ್ಣಿನ ನಡುವೆ ಬಿಳಿ ದಾರದ ತುದಿ ಕಾಣುತ್ತಿತ್ತು. ಪಟ್ಟಿಯ ದಾರ ಅಂಟಿದೆಯೆಂದು ತೆಗೆಯಲು ಕೈ ಹಾಕಿದೆ. ಆಕೆ ನನ್ನ ಮಣಿಕಟ್ಟು ಹಿಡಿದಳು.

‘ಅದು ದಾರ ಅಲ್ರೀ, ಬಾಯಾರ.’

ನಾರು, ಇಂಗ್ಲಿಷಿನಲ್ಲಿ ಗಿನಿವರ್ಮ್. ಈಗಿನ ಡಾಕ್ಟರುಗಳಿಗೆ ಅದು ಪುಸ್ತಕದೊಳಗಿನ ಚಿತ್ರ. ದೇಶದಲ್ಲೇ ಇಲ್ಲವಾಗಿದೆ. ಆಗ ಆ ಸೀಮೆಯಲ್ಲಿ ಮೆಟ್ಟಿಲು ಬಾವಿಯ ನೀರು ಕುಡಿದ ಯಾರಿಗಾದರೂ, ವರ್ಷ ಕಳೆದ ಮೇಲೆ, ಬೇಸಿಗೆಯಲ್ಲಿ, ಕಾಲಿನಿಂದ ಮೊಳಕೆಯಂತೆ ಹುಳ ಹೊರಬರುತ್ತಿತ್ತು. ದಾರದಷ್ಟು ದಪ್ಪ, ಒಂದೂವರೆ ಎರಡು ಮೊಳ ಉದ್ದ. ನಾನು ಅದರ ಹೆಸರು ಕೇಳಿದ್ದೆ, ಕಂಡಿರಲಿಲ್ಲ. ಯಾವಾಗಿನಿಂದ ಗೊತ್ತಿತ್ತು ಎಂದು ಕೇಳಿದೆ. ಬಾಗೇವಾಡಿಯಿಂದ ಬಂದಾಗಲೇ ಉರಿಯುತ್ತಿತ್ತಂತೆ. ಗೋಡೆಯ ಹತ್ತಿರ ಎಸೆದ ದಿನವೂ. ಮತ್ತೆ ಯಾಕೆ ಹೇಳಲಿಲ್ಲ?

‘ಮುದ್ದೇಬಿಹಾಳದಾಕಿಗೆ ಕಣ್ಣಾಗಿದ್ದಕ್ಕ ನಡಿ ಅಂದ್ರಿ. ನನಗ ಕಾಲಾಗೇತಿ ಅಂದ್ರ ಬಿಡ್ತಿದ್ದ್ರೇನು?’

ದರ್ಜಿಗೆ ಇದು ಹೊಸದಲ್ಲ. ಆತ ಬಿದಿರಿನ ಕಡ್ಡಿಯೊಂದನ್ನು ಗಾಜಿನ ಚೂರಿನಿಂದ ನುಣುಪಾಗಿ ಹೆರೆದು, ನಾರಿನ ತುದಿಯನ್ನು ಅದಕ್ಕೆ ಸುತ್ತಿ, ಅರ್ಧ ಸುತ್ತು ತಿರುಗಿಸಿ, ಕಡ್ಡಿಯನ್ನು ಕಾಲಿಗೆ ಕಟ್ಟಿದರು. ದಿನಕ್ಕೆ ಒಂದೆರಡು ಬೆರಳಗಲ ಬಂದರೆ ಬಂತು. ಬರಲಿಲ್ಲವೆಂದರೆ ಆ ದಿನ ಬಿಡಬೇಕು. ಮೇಲೆ ಬೇವಿನೆಲೆ ಅರೆದು ಹಚ್ಚಿ ಬಿಳಿ ಬಟ್ಟೆ. ಹೆಡ್‌ಮಿಸ್ಟ್ರೆಸ್ ನನಗೆ ಸಮಾಧಾನ ಹೇಳಿದರು, ‘ನಾರು ಅಂದ್ರ ಬೀಗರು ಬಂದಂಗ್ರಿ. ದಬ್ಬಿದ್ರ ಹೋಗೂದಿಲ್ಲ, ಅವರಾಗೇ ಏಳಬೇಕು.’ ನನಗೆ ನಗು ಬರಲಿಲ್ಲ. ಮೂರು ದಿನದಲ್ಲಿ ಬಂದದ್ದು ಎರಡು ಬೆರಳು. ಒಂದು ತಿಂಗಳ ಕೆಲಸ ಉಳಿದಿತ್ತು, ಸೊಲ್ಲಾಪುರಕ್ಕೆ ಆರು ದಿನವಿತ್ತು. ಒಂದು ತಿಂಗಳು ಮುಂದಕ್ಕೆ ಹಾಕಿ ಎಂದು ಮೇಡಂಗೆ ತಾರು ಕೊಡಬಹುದಿತ್ತು. ಕೊಡಲಿಲ್ಲ. ಮೂರು ಪುಟ ಹೊಗಳಿ ಬರೆದ ಮೇಲೆ, ಹುಡುಗಿಯ ಕಾಲಲ್ಲಿ ಹುಳವಿದೆ ಎಂದು ಬರೆಯಲು ನನಗೆ ನಾಚಿಕೆ. ಐ ಮಸ್ಟ್ ಸೇ ಇಟ್ ಪ್ಲೇನ್ಲಿ, ಅದು ಆಕೆಯ ಚಿಂತೆಯಲ್ಲ, ನನ್ನ ಮಾನದ ಚಿಂತೆ.

ಆ ನಾಲ್ಕು ತಾಲ್ಲೂಕಿನ ಒಂದು ಊರಿನಲ್ಲಿ, ಯಾವುದೆಂದು ಬೇಡ, ಒಬ್ಬ ಖಾಸಗಿ ಡಾಕ್ಟರ್ ಇದ್ದ. ಯುದ್ಧಕಾಲದಲ್ಲಿ ಸೈನ್ಯದಲ್ಲಿ ಕಾಂಪೌಂಡರ್ ಆಗಿದ್ದವನು. ಇಸ್ತ್ರಿ ಮಾಡಿದ ಶರ್ಟು, ಕುದಿಯುವ ನೀರಿನಲ್ಲಿ ಸೂಜಿ, ನನ್ನೊಡನೆ ಇಂಗ್ಲಿಷ್ ಮಾತು. ಹುಣ್ಣಿನ ಬಾಯಿ ಸ್ವಲ್ಪ ಅಗಲಿಸಿ ಇಕ್ಕಳದಿಂದ ಒಮ್ಮೆಲೇ ತೆಗೆಯಬಹುದು, ಕಾಲು ಗಂಟೆಯ ಕೆಲಸ, ಒಂದು ಇಂಜೆಕ್ಷನ್, ಐದನೆಯ ದಿನ ಓಡುತ್ತಾಳೆ ಎಂದ. ಬಿದಿರು ಕಡ್ಡಿಯ ಮಾತಿಗೆ ‘ಪ್ರಿಮಿಟಿವ್’ ಎಂದು ನಕ್ಕ. ನಾನೂ ನಕ್ಕೆ.

ಅಂಗಡಿಗೆ ಹೋಗಿ ಹೇಳಿದೆ. ದರ್ಜಿ ಮಷಿನ್ನು ನಿಲ್ಲಿಸಿದರು. ಅದು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

‘ಎಳದರ ಹರೀತೈತ್ರಿ, ಬಾಯಾರ. ಹರದ್ರ ಒಳಗ ವಿಷ ಆಗತೈತಿ.’

‘ಡಾಕ್ಟರಿಗೆ ಗೊತ್ತಿರುವುದಿಲ್ಲವೇ?’

‘ಡಾಕ್ಟರಿಗೆ ಹುಣ್ಣು ಗೊತ್ತೈತಿ. ದಾರ ನನಗ ಗೊತ್ತೈತಿ. ನಲವತ್ತ ವರ್ಷ ಆತು ಇದನ್ನ ಹಿಡದು.’

ಆಗ ನಾನು ಹೇಳಿದ ಮಾತು ಅರವತ್ತು ವರ್ಷದ ನಂತರವೂ ಬಾಯಲ್ಲಿ ಹಾಗೇ ಇದೆ. ‘ನೀವು ಹೊಲಿಯೋದು ಬಟ್ಟೆ. ಇದು ಮನುಷ್ಯರ ಕಾಲು.’

ಆತ ಮಗಳ ಕಡೆ ನೋಡಿದರು. ಉದ್ದಾಕಿ ಕೆಳಗೆ ಕಾಲು ಚಾಚಿ ಗುಂಡಿ ಹಚ್ಚುತ್ತಿದ್ದಳು. ಆಲಮೇಲದವರು ಹಿಂದಿನ ವಾರವಷ್ಟೇ ಉತ್ತರ ಕೇಳಿ ಕಳಿಸಿದ್ದರು. ಆಕೆ ದಾರವನ್ನು ಹಲ್ಲಿನಿಂದ ಕಡಿದು, ನನ್ನನ್ನು ನೋಡಿ, ‘ಬಾಯಾರ ಹೇಳಿದ್ರ ಎಳೀಲಿ, ಅಪ್ಪ’ ಎಂದಳು. ತೀರ್ಮಾನ ಆಕೆಯದೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ‘ಬಾಯಾರ ಹೇಳಿದ್ರ’ ಎಂಬುದನ್ನು ಬಿಟ್ಟು ಹೇಳಿಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕರೆದೊಯ್ದೆ. ದರ್ಜಿ ಬರಲಿಲ್ಲ. ಬೆಂಚಿನ ಮೇಲೆ ಮಲಗಿಸಿದಾಗ ಆಕೆಯ ಕಾಲು ಬೆಂಚಿನಾಚೆ ಉಳಿಯಿತು, ಪಾದದ ಕೆಳಗೆ ಸ್ಟೂಲು ಇಟ್ಟರು. ಡಾಕ್ಟರು ಬಿಸಿನೀರು ಹಾಕಿ, ಬಾಯಿ ಕೊಯ್ದು, ಇಕ್ಕಳ ಹಿಡಿದ. ಮೊದಲು ಸಲೀಸಾಗಿ ಬಂತು. ನಾಲ್ಕು ಬೆರಳು, ಐದು, ಗೇಣು. ಆತ ನನ್ನತ್ತ ನೋಡಿ ಹುಬ್ಬು ಹಾರಿಸಿದ. ಆಮೇಲೆ ಬಿಗಿಯಿತು. ಇಕ್ಕಳವನ್ನು ಅರ್ಧ ಸುತ್ತು ತಿರುಗಿಸಿ ಎಳೆದ. ಸದ್ದೇನೂ ಆಗಲಿಲ್ಲ. ಇಕ್ಕಳದ ತುದಿಯಲ್ಲಿ ಒಂದು ತುಂಡು ಜೋತಾಡುತ್ತಿತ್ತು, ಇನ್ನೊಂದು ತುದಿ ಮಾಂಸದೊಳಕ್ಕೆ ಸರಿದುಹೋಯಿತು. ಡಾಕ್ಟರು ಇನ್ನಷ್ಟು ಕೊಯ್ದು ಹುಡುಕಿದ. ಸಿಗಲಿಲ್ಲ. ಇಂಜೆಕ್ಷನ್ ಕೊಟ್ಟು, ಉಳಿದದ್ದು ಕರಗಿಹೋಗುತ್ತದೆ ಎಂದ. ಇಷ್ಟು ಹೊತ್ತೂ ಆಕೆ ಉಸಿರು ಹಿಡಿದಿದ್ದಳು, ಗೆರೆಯ ಮೇಲೆ ಹಿಡಿಯುತ್ತಿದ್ದ ಹಾಗೆ. ಬಿಟ್ಟು ಕೇಳಿದಳು, ‘ಹರೀತೇನ್ರಿ?’

ನಾನು, ‘ಸ್ವಲ್ಪ ಉಳಿದಿದೆ’ ಎಂದೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕಾಲು ಮೊಣಕಾಲಿನವರೆಗೆ ಬಾತು ಕಡುಗೆಂಪಾಗಿತ್ತು, ಮೈ ಕಾದ ಹಂಚು. ವಿಜಾಪುರದ ಬಸ್ಸಿನ ಹಿಂದಿನ ಸೀಟನ್ನು ಪೂರ್ತಿ ಬಿಟ್ಟುಕೊಡಿ ಎಂದು ಪ್ರಯಾಣಿಕರನ್ನು ಕೇಳಿಕೊಂಡೆವು. ಆಕೆಯ ತಲೆ ಅಪ್ಪನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ರಸ್ತೆ ಕುಲುಕಿದಾಗಲೆಲ್ಲ ಆಕೆ ಹಲ್ಲು ಕಚ್ಚುವ ಸದ್ದು ಕೇಳುತ್ತಿತ್ತು. ದೊಡ್ಡ ದವಾಖಾನೆಯಲ್ಲಿ ಕೀಲಿನೊಳಗೆ ಕೀವು ಎಂದರು. ಮೂರು ಸಲ ಕೊಯ್ದರು. ಕಾಲು ಉಳಿಯುತ್ತದೆಯೋ ಇಲ್ಲವೋ ಎಂದು ಒಂದು ವಾರ ಯಾರೂ ಹೇಳಲಿಲ್ಲ.

ಆ ವಾರದಲ್ಲೇ ಸೊಲ್ಲಾಪುರದ ದಿನ ಬಂದು ಹೋಯಿತು. ಹಿಂದಿನ ದಿನ ಅಂಚೆ ಕಚೇರಿಗೆ ಹೋಗಿ ತಾರು ಕೊಟ್ಟೆ. ‘ಕ್ಯಾಂಡಿಡೇಟ್ ಅನ್‌ಫಿಟ್. ಗಿನಿವರ್ಮ್.’ ಕಾರ್ಡಿನ ಕೊನೆಯ ಮನೆಯಲ್ಲಿ ಅದನ್ನೇ ಬರೆದು ಸಹಿ ಹಾಕಿದೆ. ಕಾಲು ಉಳಿಯಿತು. ಕೀಲು ಉಳಿಯಲಿಲ್ಲ. ಪಾದ ಕೆಳಮುಖವಾಗಿ, ಮಡಿಸಲಾಗದಂತೆ ಕಟ್ಟಿಹೋಯಿತು. ಮೇಡಂ ಮೇಜಿನ ಮೇಲೆ ಬೇರೊಬ್ಬಳ ಹೆಸರು ಎತ್ತಿದರು. ಅವಳು ಚೆನ್ನಾಗಿ ಆಡಿದಳಂತೆ. ನನಗೆ ಪ್ರೀತಿಯಿಂದಲೇ ಬರೆದರು, ‘ಇಟ್ಸ್ ದ ವಾಟರ್, ಮೈ ಡಿಯರ್, ನಾಟ್ ಯು.’ ಆ ಕಾಗದವನ್ನು ನಾನು ಬಹಳ ದಿನ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದೆ. ತಪ್ಪನ್ನು ನೀರಿನ ಮೇಲೆ ಹಾಕಿದವರು ಮೇಡಂ. ಅಲ್ಲಿಯೇ ಇರಲಿ ಎಂದು ಬಿಟ್ಟವಳು ನಾನು.

ಮಳೆಗಾಲದ ಮೊದಲಿಗೆ ದರ್ಜಿ ನನ್ನ ಕಚೇರಿಗೆ ಒಂದು ಪೊಟ್ಟಣ ಕಳಿಸಿದರು. ಬಿಚ್ಚಿದರೆ ಕ್ಯಾನ್ವಾಸ್ ಬೂಟು. ತೊಳೆದು, ಸುಣ್ಣ ಬಳಿದು, ಹೊಸ ಲೇಸು ಹಾಕಿತ್ತು. ಚೀಟಿ ಇರಲಿಲ್ಲ. ಆಲಮೇಲದವರು ಆಗಲೇ ಬೇರೆ ಹುಡುಗಿಯನ್ನು ತಂದುಕೊಂಡಿದ್ದರು.

ಮರುವರ್ಷದ ಬೇಸಿಗೆ. ಇಂಡಿಯಲ್ಲಿ ತಪಾಸಣೆಗೆ ಹೋದಾಗ ನನ್ನ ಬಲಗಾಲಿನ ಮೀನಖಂಡದ ಕೆಳಗೆ ಒಂದು ಕಡೆ ಕೆಂಡ ಇಟ್ಟಂತೆ ಉರಿಯತೊಡಗಿತು. ಎರಡು ದಿನಕ್ಕೆ ಗುಳ್ಳೆ. ಬಕೆಟಿನ ನೀರಿಗೆ ಕಾಲು ಇಟ್ಟೆ, ಒಡೆಯಿತು. ನಡುವೆ ಬಿಳಿಯ ತುದಿ. ಅದನ್ನು ನೋಡುತ್ತ ಎಷ್ಟು ಹೊತ್ತು ಕುಳಿತೆನೋ. ಕಾನ್ವೆಂಟು, ಕಾಲೇಜು, ಮುಂಬಯಿ, ಯಾವುದನ್ನೂ ಆ ಹುಳ ಕೇಳಿರಲಿಲ್ಲ. ವಿಜಾಪುರಕ್ಕೆ ಹೋಗಬಹುದಿತ್ತು. ಇಂಡಿಯಿಂದ ಸಿಂದಗಿಯ ಬಸ್ಸು ಹತ್ತಿದೆ. ಏಕೆಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ದರ್ಜಿಯ ಅಂಗಡಿಯಲ್ಲಿ ಈಗ ಎರಡು ಮಷಿನ್ನು. ಒಂದು ಮೊದಲಿನದು, ಕಾಲಿನಿಂದ ತುಳಿಯುವುದು. ಇನ್ನೊಂದು ಕೈಯಿಂದ ತಿರುಗಿಸುವುದು, ಗೋಡೆಯ ಪಕ್ಕ ನೆಲದ ಮೇಲೆ. ಅದರ ಮುಂದೆ ಎಡಗಾಲು ಚಾಚಿ ಉದ್ದಾಕಿ ಕುಳಿತಿದ್ದಳು. ಕುಳಿತಾಗಲೂ ಬೆನ್ನು ನೆಟ್ಟಗಿತ್ತು. ನಾನು ಸೀರೆ ಸ್ವಲ್ಪ ಎತ್ತಿ ಕಾಲು ತೋರಿಸಿದೆ. ದರ್ಜಿ ಕನ್ನಡಕ ಸರಿಸಿ ನೋಡಿದರು.

‘ಅವಸರ ಐತೇನ್ರೀ, ಬಾಯಾರ?’

ಅಷ್ಟೇ ಕೇಳಿದ್ದು. ಕುಟುಕಿದಂತೆಯೂ ಇರಲಿಲ್ಲ. ಗಿರಾಕಿಗೆ ಬಟ್ಟೆ ಯಾವಾಗ ಬೇಕೆಂದು ಕೇಳುವ ದನಿ.

‘ಇಲ್ಲ’ ಎಂದೆ.

ಆತ ಕಡ್ಡಿ ಹೆರೆದು ಮಗಳ ಕೈಗೆ ಕೊಟ್ಟರು.

ಮತ್ತೆ ಹೆಡ್‌ಮಿಸ್ಟ್ರೆಸ್ಸರ ಮನೆಯಲ್ಲಿ ಉಳಿದೆ. ಇಪ್ಪತ್ತಾರು ದಿನ. ಪ್ರತಿದಿನ ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಮೊದಲು ಅಂಗಡಿಗೆ ಹೋಗುವುದು, ಬಟ್ಟೆ ತುಂಡುಗಳ ರಾಶಿಗೆ ಒರಗಿ ಕಾಲು ಚಾಚುವುದು. ಉದ್ದಾಕಿ ಕೈ ತೊಳೆದು, ನನ್ನ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಉಸಿರು ಹಿಡಿದು, ಕಡ್ಡಿಯನ್ನು ಎರಡು ಬೆರಳಲ್ಲಿ ತಿರುಗಿಸುತ್ತಿದ್ದಳು. ಬಿಗಿಯಾದ ಕ್ಷಣಕ್ಕೆ ನಿಲ್ಲಿಸುತ್ತಿದ್ದಳು. ಎಷ್ಟು ಬಿಗಿಯಾದರೆ ನಿಲ್ಲಿಸಬೇಕೆಂಬುದು ಆಕೆಯ ಬೆರಳಿಗೆ ಗೊತ್ತಿತ್ತು. ಎಸೆಯುವಾಗ ನಾನು ಕಂಡ ಅದೇ ಬೆರಳು. ಹನ್ನೊಂದನೆಯ ದಿನ ಏನೂ ಬರಲಿಲ್ಲ, ಬೇವು ಹಚ್ಚಿ ಕಳಿಸಿದಳು. ನೋವು ಇತ್ತು, ಆದರೆ ಆ ನೋವಿನ ಬಗ್ಗೆ ಬರೆಯುವ ಹಕ್ಕು ನನಗಿಲ್ಲ. ಒಂದು ದಿನ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ‘ಅಲುಗಾಡಬ್ಯಾಡ್ರಿ’ ಎಂದಳು.

ಇಪ್ಪತ್ತಾರನೆಯ ಬೆಳಿಗ್ಗೆ ಕಡ್ಡಿ ಸಡಿಲಾಗಿ ತಿರುಗಿತು, ಹಿಂದಿನ ತುದಿ ತಾನಾಗಿ ಹೊರಬಂತು. ದರ್ಜಿ ಕುತ್ತಿಗೆಯ ಟೇಪು ತೆಗೆದು ಅಳೆದು, ಮೂವತ್ತೊಂದು ಇಂಚು, ಒಂದು ಕುಬಸದ ಎದೆ ಅಳತೆಯಾಯಿತು ಎಂದರು. ಅದನ್ನು ಒಲೆಗೆ ಹಾಕಲು ಒಳಗೆ ಹೋದರು. ಉದ್ದಾಕಿ ನನ್ನ ಕಾಲನ್ನು ಒರೆಸಿ ಕೆಳಗಿಟ್ಟು, ಮಷಿನ್ನಿನ ಕಡೆ ತಿರುಗಿ, ಹಿಡಿಗೆ ಕೈ ಹಾಕುತ್ತ ಕೇಳಿದಳು.

‘ಬಾಯಾರ, ನಿಮ್ಮ ಕಾರ್ಡಿನ್ಯಾಗ ನಾ ಎಷ್ಟು ಹಾಕೇನಂತ ಐತ್ರಿ?’

‘ಇಪ್ಪತ್ತರಲ್ಲಿ ಹದಿನಾಲ್ಕು.’

‘ಹದಿನೈದ್ರಿ. ಕಾಲು ಗೆರಿ ಮುಟ್ಟಿದ್ದು ಖರೆ. ಚೆಂಡು ಒಳಗ ಬಿದ್ದದ್ದೂ ಖರೆ. ಯಾಕ ಮುಟ್ಟಿತ್ತಂತ ಈಗ ನಿಮಗ ಗೊತ್ತಾತಲ್ರಿ.’

ಕಾರ್ಡು ನನ್ನ ಕೈಚೀಲದಲ್ಲೇ ಇತ್ತು. ಒಂದು ವರ್ಷದಿಂದ ಅಲ್ಲೇ ಇತ್ತು. ತೆಗೆದು, ಪೆನ್ನಿನಿಂದ ಹದಿನಾಲ್ಕನ್ನು ಹೊಡೆದು ಹದಿನೈದು ಮಾಡಿದೆ. ಪಕ್ಕದ ಇಂಗ್ಲಿಷ್ ಮಾತನ್ನು ಹೊಡೆದೆ. ಕೊನೆಯ ಮನೆಗೆ ಬಂದೆ. ‘ಗಿನಿವರ್ಮ್’ ಎಂಬುದನ್ನೂ ಹೊಡೆದು, ಅದರ ಕೆಳಗೆ, ಆ ಕಾರ್ಡುಗಳಲ್ಲಿ ಅದುವರೆಗೆ ನಾನು ಎಂದೂ ಬಳಸದ ಕನ್ನಡದಲ್ಲಿ ಬರೆದೆ, ‘ನಾನು ಅವಸರ ಮಾಡಿದೆ.’

ಆಕೆ ಕಾರ್ಡು ತೆಗೆದುಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಓದಿದಳು. ವಾಪಸು ನನ್ನ ಮುಂದೆ ಇಟ್ಟಳು.

‘ಸಹಿ ಮಾಡ್ರಿ’ ಎಂದಳು.